ಒಂದೇ ತರದ ಪುಸ್ತಕ ಓದಿ ಬೇಜಾರಾಗಿದ್ದರೆ

ಓದಲು ಕೂತರೆ ಮನಸ್ಸೇ ನಿಲ್ಲುತ್ತಿಲ್ಲ ಅಂತ ಮೊನ್ನೆ ಇಲ್ಲಿ ಒಬ್ಬರು ಬರೆದಿದ್ದರು. ನನಗೂ ಹಾಗೇ ಆಗಿತ್ತು. ತಪ್ಪು ನನ್ನದೇ. ವರ್ಷಗಟ್ಟಲೆ ಬರೀ ಪತ್ತೇದಾರಿ ಕಾದಂಬರಿ ಓದುತ್ತಿದ್ದೆ. ದಿನಾ ಉಪ್ಪಿಟ್ಟು ತಿಂದ ಹಾಗೆ.

ಈಗ ಲೈಬ್ರರಿಯಿಂದ ಎರಡು ಪುಸ್ತಕ ತರುತ್ತೇನೆ. ಒಂದು ದಪ್ಪ, ಒಂದು ತೆಳು. ದಪ್ಪದ್ದು ಕಾದಂಬರಿ, ತೆಳುವಾದದ್ದು ಕತೆ ಅಥವಾ ಪ್ರಬಂಧ.

ಎಲ್ಲಿಂದ ಶುರು ಮಾಡೋದು ಅಂತೀರಾ? ನಮ್ಮ ಸುತ್ತಮುತ್ತಲಿನವರಿಂದಲೇ. ಬಾನು ಮುಷ್ತಾಕ್ ನಮ್ಮ ಹಾಸನದವರೇ ಅಲ್ವಾ. ಅವರ 12 ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಸಣ್ಣಕತೆಗಳ ಸಂಕಲನಕ್ಕೆ ಆ ಬಹುಮಾನ ಸಿಕ್ಕಿದ್ದು ಅದೇ ಮೊದಲು. ನೀವು ಕನ್ನಡದಲ್ಲೇ ಓದಿ. ಆದರೆ ಒಂದೇ ಏಟಿಗೆ ಬೇಡ, ದಿನಕ್ಕೊಂದು ಕತೆ ಸಾಕು. ಎದೆ ಭಾರವಾಗುತ್ತದೆ.

ಆಗ ಗೊರೂರು ರಾಮಸ್ವಾಮಿ ಅಯ್ಯಂಗಾರರ ಹಳ್ಳಿ ಪ್ರಬಂಧ ತೆಗೆಯಿರಿ, ನಗು ಬರುತ್ತದೆ. ಆಮೇಲೆ ಮೂಡಿಗೆರೆಯ ತೇಜಸ್ವಿ. 'ಕರ್ವಾಲೊ'ದಲ್ಲಿ ಹಾರುವ ಓತಿಯ ಹಿಂದೆ ಕಾಡಿಗೆ ಹೋಗುವುದಿದೆಯಲ್ಲ, ಅದರಲ್ಲಿ ವಿಜ್ಞಾನವೂ ಇದೆ, ತಮಾಷೆಯೂ ಇದೆ. ಮೂವರದ್ದೂ ಇದೇ ಸೀಮೆ, ಕತೆ ಹೇಳುವ ದಾರಿ ಮಾತ್ರ ಬೇರೆ ಬೇರೆ.

ಮೂವತ್ತು ಪುಟ ಓದಿದರೂ ಹಿಡಿಸದಿದ್ದರೆ ಸುಮ್ನೆ ವಾಪಸ್ ಕೊಡಿ. ನಾಚಿಕೆ ಏನಿಲ್ಲ.

ಸಮಯವೇ ಇಲ್ಲ ಅನ್ನುವವರಿಗೆ: ಹಾಸನದಿಂದ ಬೇಲೂರಿಗೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಒಂದು ಕತೆ ಮುಗಿಯುತ್ತದೆ. ಕಿಟಕಿ ಪಕ್ಕದ ಸೀಟು ಸಿಕ್ಕರೆ ಮಾತ್ರ ಕಷ್ಟ.