ಮೆಲ್ಬರ್ನ್‌ನಲ್ಲಿ ವಿಕ್ಕಾ: ಪರಂಪರೆ ಎಷ್ಟು, ನನ್ನಿಷ್ಟ ಎಷ್ಟು?

ಅಕ್ಟೋಬರ್ 31ಕ್ಕೆ ಮೆಲ್ಬರ್ನ್‌ನ ಅಂಗಡಿಗಳಲ್ಲೆಲ್ಲ ಹ್ಯಾಲೋವೀನ್ ಗದ್ದಲ. ವಿಕ್ಕಾ ಅಂದರೆ ಪ್ರಕೃತಿಯನ್ನೂ ದೇವ-ದೇವಿಯರನ್ನೂ ಪೂಜಿಸುವ, ಇಂಗ್ಲೆಂಡಿನಿಂದ ಬಂದ ಒಂದು ಧರ್ಮ. ನಾವು ವಿಕ್ಕಾದವರು ಅವತ್ತು ಬೆಲ್ಟೇನ್ ಮಾಡುತ್ತೇವೆ, ಅಂದರೆ ವಸಂತದ ಹಬ್ಬ. ಇಂಗ್ಲೆಂಡಿನ ಪುಸ್ತಕಗಳ ಪ್ರಕಾರ ಆ ದಿನ ಸತ್ತವರನ್ನು ನೆನೆಯುವ ಸೌವಿನ್. ನಮಗದು ಏಪ್ರಿಲ್ 30ಕ್ಕೆ. ಇಲ್ಲಿ ಋತುಗಳೇ ತಿರುಗುಮುರುಗು, ಇನ್ನೇನು ಮಾಡೋದು? ದೀಕ್ಷೆ ಪಡೆದು ಹಿಂದಿನಿಂದ ಬಂದ ಕ್ರಮ ಪಾಲಿಸುವ ಪರಂಪರೆಯವರಿಗೂ ತಮಗೆ ಬೇಕಾದ್ದನ್ನು ಆಯ್ದುಕೊಳ್ಳುವ ಎಕ್ಲೆಕ್ಟಿಕ್‌ನವರಿಗೂ ಯಾಕೆ ಜಗಳ ಅಂತ ನನಗೆ ಅರ್ಥವಾಗಿದ್ದು ಇಲ್ಲಿಂದಲೇ.

ಮೊದಲು ನಾನು ಒಬ್ಬಳೇ ಮಾಡುತ್ತಿದ್ದೆ. ಗುರು ಇಲ್ಲ, ದೀಕ್ಷೆ ಇಲ್ಲ. ಲೈಬ್ರರಿಯಲ್ಲಿ ಸಿಕ್ಕ ಪುಸ್ತಕಗಳಿಂದ ಬೇಕಾದ್ದು ತೆಗೆದುಕೊಂಡು, ಬೇಡದ್ದು ಬಿಟ್ಟು ನನ್ನದೇ ಕ್ರಮ ಕಟ್ಟಿಕೊಂಡಿದ್ದೆ. ಇದಕ್ಕೇ ಎಕ್ಲೆಕ್ಟಿಕ್ ಅನ್ನೋದು. ಒಂದು ಬಟ್ಟಲು ನೀರು, ಒಂದು ಬಟ್ಟಲು ಉಪ್ಪು ಇಟ್ಟುಕೊಳ್ಳುತ್ತಿದ್ದೆ. ಅಥಾಮೆ ಅನ್ನುವ ಕಪ್ಪು ಹಿಡಿಯ ಚಾಕುವಿನ ತುದಿ ತಾಗಿಸಿ ಎರಡನ್ನೂ ಶುದ್ಧ ಮಾಡಿ, ಉಪ್ಪನ್ನು ನೀರಿಗೆ ಬೆರೆಸುತ್ತಿದ್ದೆ. ಚಾಕು ಹಿಡಿದು ಒಂದು ಸುತ್ತು ಬಂದರೆ ಪೂಜೆಯ ವೃತ್ತ ಆಯಿತು. ಆಮೇಲೆ ಉಪ್ಪುನೀರು ಚಿಮುಕಿಸುತ್ತಾ ಒಂದು ಸುತ್ತು, ಊದುಬತ್ತಿ ಹಿಡಿದು ಇನ್ನೊಂದು. ಕೊನೆಗೆ ನಾಲ್ಕು ದಿಕ್ಕುಗಳನ್ನು ಕರೆಯೋದು. ಊದುಬತ್ತಿ ಮಾತ್ರ ಮೈಸೂರಿನದೇ ಆಗಬೇಕು!

ಇಂಗ್ಲೆಂಡಿನ ಲೆಕ್ಕದಲ್ಲಿ ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಮಣ್ಣು. ಅಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿರುತ್ತಾನೆ, ಸರಿ. ಮೆಲ್ಬರ್ನ್‌ನಲ್ಲಿ ಅವನು ಉತ್ತರದಲ್ಲಿ. ದಕ್ಷಿಣಕ್ಕೆ ಮುಖ ಮಾಡಿದರೆ ಸಿಗೋದು ಬರೀ ಚಳಿಗಾಳಿ. ಹಾಗಾಗಿ ಬೆಂಕಿಯನ್ನು ಉತ್ತರಕ್ಕೆ ತಂದು, ಮಣ್ಣನ್ನು ದಕ್ಷಿಣಕ್ಕೆ ಕಳಿಸಿದೆ. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಕಷ್ಟವಾಗಿದ್ದು ಸುತ್ತು ಬರೋದು. ಸೂರ್ಯ ಹೋಗುವ ಕಡೆಗೇ ಸುತ್ತಬೇಕು ಅನ್ನೋದು ನಿಯಮ. ಇಲ್ಲಿ ಅವನು ಪೂರ್ವದಲ್ಲಿ ಹುಟ್ಟಿ, ಉತ್ತರದ ಕಡೆಯಿಂದ ಹಾದು, ಪಶ್ಚಿಮಕ್ಕೆ ಇಳಿಯುತ್ತಾನೆ. ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧ. ನಡುವಿನ ಪೀಠ ಎಡಗೈ ಕಡೆ ಬರುತ್ತದೆ. ಚಿಕ್ಕಂದಿನಿಂದ ತುಳಸಿಕಟ್ಟೆಯನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಹಾಕಿದ ಕಾಲುಗಳು ಇದಕ್ಕೆ ಒಪ್ಪುತ್ತವಾ? ನಮ್ಮಲ್ಲಿ ಅಪ್ರದಕ್ಷಿಣೆ ಅಂದರೆ ಅಶುಭಕ್ಕೆ, ಅಲ್ವಾ? ತುಂಬಾ ದಿನ ಕಸಿವಿಸಿ ಆಗುತ್ತಿತ್ತು. ಕೇಳೋಣ ಅಂದರೆ ಯಾರೂ ಇರಲಿಲ್ಲ. ಒಬ್ಬಳೇ ಮಾಡುವುದರಲ್ಲಿ ನನಗೆ ಸಾಕಾಗಿದ್ದು ಇದೇ. ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ.

ಹೀಗೆ ಒಂದು ಗಾರ್ಡ್‌ನೇರಿಯನ್ ಕವೆನ್‌ನ, ಅಂದರೆ ಒಟ್ಟಿಗೆ ಪೂಜೆ ಮಾಡುವ ಸಣ್ಣ ಗುಂಪಿನ, ಬಾಗಿಲು ತಟ್ಟಿದೆ. ಇಂಗ್ಲೆಂಡಿನಲ್ಲಿ ಮಾಟದ ವಿರುದ್ಧದ ಕಾನೂನು ರದ್ದಾಗಿದ್ದು 1951ರಲ್ಲಿ. ಅದರ ಬೆನ್ನಿಗೇ ಜೆರಾಲ್ಡ್ ಗಾರ್ಡ್‌ನರ್ ವಿಕ್ಕಾವನ್ನು ಬಹಿರಂಗಕ್ಕೆ ತಂದರು. ಅವರಿಂದ ಇಳಿದು ಬಂದ ಪರಂಪರೆ ಇದು. ದೀಕ್ಷೆ ಆದವರೇ ದೀಕ್ಷೆ ಕೊಡಬೇಕು. ಗಂಡಸಿಗೆ ಹೆಂಗಸು, ಹೆಂಗಸಿಗೆ ಗಂಡಸು ಕೊಡೋದು ರೂಢಿ. ಅದಕ್ಕೂ ಮುಂಚೆ ಒಂದು ವರ್ಷ ಒಂದು ದಿನ ಹೊರಗಿನ ಬಳಗದಲ್ಲಿ ಕಲಿಯಬೇಕು. ಬಟ್ಟೆ ಇಲ್ಲದೆ ಪೂಜೆ ಮಾಡುವ ಪದ್ಧತಿಯೂ ಇದೆ, ಕೆಲವರು ನಿಲುವಂಗಿ ಹಾಕುತ್ತಾರೆ. ನಮ್ಮಲ್ಲಿ ಹೇಗೆ ಅಂತ ಕೇಳಬೇಡಿ.

ಅಲ್ಲೂ ಹಬ್ಬಗಳನ್ನು ತಿರುಗಿಸಿದ್ದರು, ಬೆಂಕಿಯನ್ನು ಉತ್ತರಕ್ಕೆ ಇಟ್ಟಿದ್ದರು, ಎಡಕ್ಕೇ ಸುತ್ತುತ್ತಿದ್ದರು. ಆದರೆ ಮಾತುಗಳಲ್ಲಿ ಒಂದಕ್ಷರವೂ ಆಚೀಚೆ ಆಗುವಂತಿಲ್ಲ. ದೀಕ್ಷೆಯಾದ ಮೇಲೆ ಬುಕ್ ಆಫ್ ಶ್ಯಾಡೋಸ್ ಅನ್ನುವ ಪೂಜಾವಿಧಿಗಳ ಪುಸ್ತಕವನ್ನು ಕೈಯಲ್ಲೇ ನಕಲು ಮಾಡಬೇಕು. ಜೆರಾಕ್ಸ್ ಇಲ್ಲ, ಫೋಟೋ ಇಲ್ಲ. ಬೆರಳು ನೋಯುತ್ತದೆ, ನಿಜ. ಬರೆದು ಬರೆದು ಅರ್ಧ ತಾನಾಗೇ ಬಾಯಿಪಾಠ ಆಯಿತು. ಮನೆಯಲ್ಲಿ ಮೇಣದಬತ್ತಿ ಹತ್ತಿರ ಚೀಟಿ ಹಿಡಿದು ಕಣ್ಣು ಕಿರಿದು ಮಾಡಿ ಓದುತ್ತಿದ್ದವಳು ಇಲ್ಲಿ ಕಣ್ಣು ಮುಚ್ಚಿ ಹೇಳತೊಡಗಿದೆ. ಮುಂದಿನ ಸಾಲು ಯಾವುದು ಅನ್ನುವ ಚಿಂತೆ ಹೋದರೆ ಗಮನ ಎಷ್ಟು ನಿಲ್ಲುತ್ತದೆ ಅನ್ನೋದು ಮಾಡಿದವರಿಗೇ ಗೊತ್ತು.

ಹಾಗಂತ ಪರಂಪರೆಯವರು ‘ನಮ್ಮದೇ ಶುದ್ಧ’ ಅಂತ ಬೀಗೋದನ್ನು ನಾನು ಒಪ್ಪಲ್ಲ. ಗಾರ್ಡ್‌ನರ್ ಮಲಯಾದಲ್ಲಿ ಕಸ್ಟಮ್ಸ್ ಅಧಿಕಾರಿಯಾಗಿದ್ದವರು. ಅವರ ಕ್ರಮದಲ್ಲಿ ಫ್ರೀಮೇಸನ್ನರು ಅನ್ನುವ ಗುಟ್ಟಿನ ಸಂಘದವರ ಥರ ಮೂರು ಹಂತದ ದೀಕ್ಷೆ ಇದೆ, ಇಂಗ್ಲೆಂಡಿನ ಮಾಂತ್ರಿಕ ಅಲಿಸ್ಟರ್ ಕ್ರೌಲಿಯ ಸಾಲುಗಳೂ ಇದ್ದವು. 1953ರಲ್ಲಿ ಗಾರ್ಡ್‌ನರ್‌ರಿಂದ ದೀಕ್ಷೆ ಪಡೆದ ಡೋರೀನ್ ವಾಲಿಯೆಂಟೆ ಆ ಸಾಲುಗಳನ್ನು ಗುರುತು ಹಿಡಿದು, ಎಷ್ಟೋ ಭಾಗವನ್ನು ಹೊಸದಾಗಿ ಬರೆದರು. 1957ರಲ್ಲಿ ಗಾರ್ಡ್‌ನರ್ ‘ಹಳೆಯ ಕಾನೂನು’ ಅಂತ ಒಂದು ಪಟ್ಟಿ ಮುಂದಿಟ್ಟಾಗ ಆಕೆ ನಂಬಲಿಲ್ಲ, ಹೊರಗೆ ಬಂದರು. ಇಷ್ಟೆಲ್ಲ ಆದಮೇಲೆ ಬಂದ ಶುದ್ಧ ಇದು!

ಎಕ್ಲೆಕ್ಟಿಕ್‌ನವರ ಮೇಲೆ ನನಗಿರುವ ಸಿಟ್ಟೇ ಬೇರೆ. ಒಂದೇ ಪೀಠದ ಮೇಲೆ ಐರ್ಲೆಂಡಿನ ಬ್ರಿಜಿಡ್, ಈಜಿಪ್ಟಿನ ಐಸಿಸ್, ಪಕ್ಕದಲ್ಲಿ ನಮ್ಮ ಕಾಳಿ. ಕಾಳಿ ಯಾಕೆ ಅಂದರೆ ‘ಕೋಪದ ದೇವತೆ’ ಅಂತಾರೆ, ಅಷ್ಟೇ. ನೈವೇದ್ಯ ಏನು, ಯಾವ ದಿನ ವಿಶೇಷ, ಯಾವುದೂ ಗೊತ್ತಿಲ್ಲ. ಸುಮ್ನೆ ಚೆನ್ನಾಗಿ ಕಾಣುತ್ತಾಳೆ ಅಂತ ತಂದು ಕೂರಿಸೋದು ನನಗೆ ಸರಿ ಕಾಣಲ್ಲ.

ಈಗ ನಾನು ಎರಡನ್ನೂ ಮಾಡುತ್ತೇನೆ, ಬೆರೆಸೋದಿಲ್ಲ. ವರ್ಷದ ಎಂಟು ಹಬ್ಬ ಕವೆನ್‌ನಲ್ಲಿ, ಅಲ್ಲಿನ ಮಾತುಗಳಲ್ಲೇ. ಹುಣ್ಣಿಮೆ ಮನೆಯಲ್ಲಿ, ನನ್ನ ಮಾತಿನಲ್ಲಿ, ಜಾಸ್ತಿ ಕನ್ನಡದಲ್ಲೇ. ಕವೆನ್‌ನ ಒಂದು ಸಾಲೂ ಮನೆಯ ಪೂಜೆಗೆ ಬರಲ್ಲ, ಅದು ಕೊಟ್ಟ ಮಾತು. ಡಿಸೆಂಬರ್‌ನಲ್ಲಿ ಬೇಸಿಗೆಯ ಹಬ್ಬ ಲಿಥಾ ಬಂದಾಗ, ಕಾಡ್ಗಿಚ್ಚಿನ ಭಯಕ್ಕೆ ಹಾಕುವ ಟೋಟಲ್ ಫೈರ್ ಬ್ಯಾನ್ ಇದ್ದರೆ ಹೊರಗೆ ಬೆಂಕಿ ಹಾಕುವಂತಿಲ್ಲ. ಆಗ ಬ್ಯಾಟರಿ ದೀಪವೇ ಗತಿ.

ಹೊಸಬರು ಕೇಳಿದರೆ ಒಂದು ವರ್ಷದ ಎಂಟೂ ಹಬ್ಬ ಒಬ್ಬರೇ ಮಾಡಿ ನೋಡಿ ಅನ್ನುತ್ತೇನೆ. ಆಮೇಲೂ ಪರಂಪರೆ ಬೇಕು ಅನ್ನಿಸಿದರೆ ಕವೆನ್ ಹುಡುಕಿ. ಇವರಿಗೆ ದೀಕ್ಷೆ ಕೊಟ್ಟವರು ಯಾರು ಅಂತ ಧೈರ್ಯವಾಗಿ ವಿಚಾರಿಸಿ. ಗಾರ್ಡ್‌ನೇರಿಯನ್ನರಲ್ಲಿ ದೀಕ್ಷೆಗೆ ದುಡ್ಡು ತೆಗೆದುಕೊಳ್ಳುವ ಪದ್ಧತಿ ಇಲ್ಲ. ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.