ಮಂತ್ರದ ಖರ್ಚು ಮೊದಲು, ಮಹಿಮೆ ಆಮೇಲೆ: ರೋಲ್‌ಪ್ಲೇ ಆಟದಲ್ಲಿ ನನ್ನ ಅನುಭವ

ಮಂತ್ರಕ್ಕೆ ಮಾವಿನಕಾಯಿ ಉದುರುವುದು ಫ್ಯಾಂಟಸಿ ರೋಲ್‌ಪ್ಲೇ ಆಟದಲ್ಲಿ ಮಾತ್ರ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮೇಜಿನ ಸುತ್ತ ಕೂತು, ದಾಳ ಉರುಳಿಸಿ ಕಥೆ ಕಟ್ಟುವ ಆಟದಲ್ಲಿ. ಎಷ್ಟು ಉದುರಬೇಕು ಎಂಬ ವಾದವೂ ಅಲ್ಲೇ ಜೋರು. ಆಟಗಾರರು ನಿಯಮ ಚರ್ಚೆಗೆ ಕೂತರೆ ಮಾತು ತಾನಾಗಿ ‘ಈ ಮಂತ್ರದಿಂದ ಏನೇನು ಮಾಡಬಹುದು’ ಎಂಬಲ್ಲಿಗೆ ಹೋಗುತ್ತದೆ. ಆಟ ನಡೆಸುವ ನಾನು ಅದನ್ನು ಕೊನೆಗೆ ತಳ್ಳಿ, ಮಂತ್ರ ಹಾಕಿದವರಿಗೆ ಏನು ಖರ್ಚು ಎಂಬುದನ್ನು ಮೊದಲು ಬರೆದಿಡುತ್ತೇನೆ.

ಹಳೆಯ ಜಗಳ ಸ್ಲಾಟ್ ಮತ್ತು ಪಾಯಿಂಟ್‌ಗಳದ್ದು. ಸ್ಲಾಟ್ ಎಂದರೆ ಒಂದೊಂದು ದರ್ಜೆಯ ಮಂತ್ರವನ್ನು ಇಷ್ಟೇ ಸಲ ಹಾಕಬಹುದು ಎಂಬ ಎಣಿಕೆ, ಪಾಯಿಂಟ್ ಎಂದರೆ ಯಾವ ದರ್ಜೆಗಾದರೂ ಖರ್ಚು ಮಾಡಬಹುದಾದ ಒಂದೇ ಗಂಟು. ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಹೆಸರಾಂತ ರೋಲ್‌ಪ್ಲೇ ಆಟದ 2014ರ ಐದನೇ ಆವೃತ್ತಿಯನ್ನೇ ತೆಗೆದುಕೊಳ್ಳಿ. 5ನೇ ಲೆವೆಲ್‌ನ (ಪಾತ್ರ ಬೆಳೆಯುವ ಹಂತ) ಮಾಂತ್ರಿಕನಿಗೆ ಮೊದಲ ದರ್ಜೆಯ 4, ಎರಡನೆಯದರ 3, ಮೂರನೆಯದರ 2 ಸ್ಲಾಟ್. ಅದೇ ಆಟದ ಐಚ್ಛಿಕ ಪಾಯಿಂಟ್ ಪದ್ಧತಿಯಲ್ಲಿ ಈ ದರ್ಜೆಗಳ ಒಂದೊಂದು ಮಂತ್ರಕ್ಕೆ ಕ್ರಮವಾಗಿ 2, 3, 5 ಪಾಯಿಂಟ್ ಖರ್ಚು, ಕೈಯಲ್ಲಿರುವುದು ಒಟ್ಟು 27. ಕಾಗದದ ಮೇಲೆ ಲೆಕ್ಕ ತಾಳೆಯಾಗುತ್ತದೆ. ಮೇಜಿನ ಮೇಲೆ ಆಗುವುದಿಲ್ಲ. ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರ ಮೂರನೇ ದರ್ಜೆಯದು, ಆರು ಮುಖದ 8 ದಾಳ, ಸರಾಸರಿ ಹಾನಿ 28. ಸ್ಲಾಟ್‌ನಲ್ಲಿ ಎರಡು ಸಲ (ವಿಶ್ರಾಂತಿಯಲ್ಲಿ ಮರಳಿ ಸಿಗುವುದನ್ನು ಬಿಟ್ಟು), ಪಾಯಿಂಟ್‌ನಲ್ಲಿ ಐದು ಸಲ. ಚಿಕ್ಕ ಮಂತ್ರಗಳನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ. ಪಾಯಿಂಟ್ ಬೇಕೇ ಬೇಕು ಎನ್ನುವ ಗುಂಪಿಗೆ ನಾನು ಒಂದೇ ಕಡಿವಾಣ ಹಾಕುತ್ತೇನೆ: ಆ ಲೆವೆಲ್‌ಗೆ ಸಿಗುವ ಅತಿ ಮೇಲಿನ ದರ್ಜೆಯ ಮಂತ್ರವನ್ನು ದಿನಕ್ಕೆ ಸ್ಲಾಟ್ ಸಂಖ್ಯೆಗಿಂತ ಒಂದು ಹೆಚ್ಚು ಸಲ ಮಾತ್ರ ಹಾಕಬಹುದು. ಮೂರು ಫೈರ್‌ಬಾಲ್‌ಗೆ 15 ಹೋದರೆ ಉಳಿದ 12 ಚಿಕ್ಕವುಗಳಿಗೇ ಖರ್ಚಾಗಬೇಕು.

ಇಷ್ಟಾದರೂ ದಿನಕ್ಕೊಂದೇ ಕಾದಾಟವಿದ್ದರೆ ಯಾವ ಮಿತಿಯೂ ನಾಟುವುದಿಲ್ಲ. ಎಲ್ಲವನ್ನೂ ಒಂದೇ ಏಟಿಗೆ ಸುರಿದು ಮಲಗಿದರೆ ಬೆಳಿಗ್ಗೆ ಎಲ್ಲ ವಾಪಸ್. ಕಥೆ ನಿಧಾನವಾಗಿ ಸಾಗುವ ಗುಂಪಿನಲ್ಲಿ ಚಿಕ್ಕ ವಿಶ್ರಾಂತಿಗೆ 8 ಗಂಟೆ, ಖರ್ಚಾದದ್ದೆಲ್ಲ ಮರಳಿ ಸಿಗುವ ದೊಡ್ಡದಕ್ಕೆ 7 ದಿನ ಎಂಬ ಐಚ್ಛಿಕ ನಿಯಮವನ್ನೇ ಬಳಸುತ್ತೇನೆ. ಮಂತ್ರಗಳ ಬಲ ತಗ್ಗಿಸುವುದಕ್ಕಿಂತ ಇದು ಸುಲಭ, ಆಟಗಾರರ ಮುಖವೂ ಬಾಡುವುದಿಲ್ಲ.

ಮಂತ್ರ ಫಲಿಸಲು ದಾಳ ಉರುಳಿಸಲೇಬೇಕು ಎನ್ನುವವರೂ ಇದ್ದಾರೆ. ಸರಿ, ಆದರೆ ಇಪ್ಪತ್ತು ಮುಖದ ದಾಳ ಬೇಡ. ಆರು ಮುಖದ ಎರಡು ಸಾಕು. 7 ಅಥವಾ ಹೆಚ್ಚು ಬಿದ್ದರೆ ಮಂತ್ರ ಫಲಿಸಿತು, ಅದರ ಸಾಧ್ಯತೆ ಶೇ. 58. ಬಿದ್ದ ಮೊತ್ತಕ್ಕೆ ಸೇರಿಸಲು +2 ಕೊಟ್ಟರೆ ಶೇ. 83, +3 ಕೊಟ್ಟರೆ ಶೇ. 92. ಹಾಗಾಗಿ +2ಕ್ಕಿಂತ ಮೇಲೆ ಕೊಡುವುದಿಲ್ಲ. ಕೊಟ್ಟರೆ ದಾಳ ಉರುಳಿಸುವುದು ಬರೀ ಶಾಸ್ತ್ರಕ್ಕೆ. ‘ಏನೂ ಆಗಲಿಲ್ಲ’ ಎಂಬ ಫಲಿತಾಂಶವೂ ಕೆಟ್ಟದ್ದು, ಸರದಿಯೂ ಹೋಯಿತು, ಪಾಯಿಂಟೂ ಹೋಯಿತು. ನನ್ನಲ್ಲಿ 5 ಅಥವಾ 6 ಬಿದ್ದರೆ ಮಂತ್ರ ಫಲಿಸುತ್ತದೆ, ಒಂದು ಪಾಯಿಂಟ್ ಜಾಸ್ತಿ ಹೋಗುತ್ತದೆ. 4 ಅಥವಾ ಕಡಿಮೆಯಾದರೆ ಮಾತ್ರ ಸೋಲು. +2 ಇಲ್ಲದವರಿಗೆ ಅದು ಶೇ. 17.

ಮಂತ್ರ ಸೋತಾಗ ದಾಳ ಉರುಳಿಸಿ ಆರಿಸುವ, ಕೈ ಸುಟ್ಟಿತು, ದೆವ್ವ ಹೊಕ್ಕಿತು ಎಂಬಂಥ ಅನಾಹುತದ ಪಟ್ಟಿ ಓದಲು ಮಜಾ. ಆದರೆ ಶತ್ರು ಮಾಂತ್ರಿಕ ಒಂದು ಕಾದಾಟದಲ್ಲಿ ದಾಳ ಉರುಳಿಸಿ ಸಾಯುತ್ತಾನೆ, ಆಟಗಾರ ವಾರವಾರವೂ ಉರುಳಿಸುತ್ತಾನೆ. ಪಟ್ಟಿಯ ಪೆಟ್ಟೆಲ್ಲ ಬೀಳುವುದು ಅವನ ಮೇಲೇ.

ಇನ್ನು ಮಹಿಮೆಯ, ಅಂದರೆ ಮಂತ್ರದಿಂದ ಏನಾಗುತ್ತದೆ ಎಂಬ ವಿಷಯ. ಇಲ್ಲಿ ತಗಾದೆ ಹುಟ್ಟುವುದು ಬಲದಿಂದಲ್ಲ, ವಾಕ್ಯದಿಂದ. ನೀರು ಸೃಷ್ಟಿಸುವ ಮಂತ್ರವನ್ನು ಶತ್ರುವಿನ ಶ್ವಾಸಕೋಶದೊಳಗೆ ಹಾಕುತ್ತೇನೆ ಎನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಮೂಲ ನಿಯಮದಲ್ಲಿ ‘ತೆರೆದ ಪಾತ್ರೆ’ ಎಂದಿದೆ, ಶ್ವಾಸಕೋಶ ತೆರೆದ ಪಾತ್ರೆಯಲ್ಲ. ವಾದ ಅಲ್ಲಿಗೆ ಮುಗಿಯಿತು. ಸ್ವಂತ ಮಂತ್ರ ಬರೆಯುವಾಗ ನಾನು ಎಲ್ಲಿಗೆ, ಎಷ್ಟು ದೂರ, ಎಷ್ಟು ಹೊತ್ತು, ಕಣ್ಣಿಗೆ ಕಾಣಬೇಕೇ ಎಂಬ ನಾಲ್ಕನ್ನು ಬಿಡುವುದೇ ಇಲ್ಲ. ಹೊತ್ತು ಬರೆಯದ ಮಂತ್ರ ಆಟಗಾರನ ಕೈಯಲ್ಲಿ ಶಾಶ್ವತವಾಗಿಬಿಡುತ್ತದೆ.

ಜೊತೆಗೆ ಮಂತ್ರದಿಂದ ಎಂದಿಗೂ ಆಗದ ಕೆಲಸಗಳದ್ದೊಂದು ಪಟ್ಟಿ. ಕೊಲೆ ತನಿಖೆಯ ಕಥೆಯಾದರೆ ಮನಸ್ಸು ಓದುವುದು, ಸತ್ತವರನ್ನು ಮಾತಾಡಿಸುವುದು ಎರಡೂ ಅದರಲ್ಲಿ ಇರಲೇಬೇಕು, ಇಲ್ಲವಾದರೆ ಕಥೆ ಹತ್ತು ನಿಮಿಷಕ್ಕೆ ಖಾಲಿ. ಈ ಪಟ್ಟಿಯನ್ನು ಕ್ಯಾರೆಕ್ಟರ್ ಮಾಡಿಕೊಳ್ಳುವ ಮೊದಲೇ ಕೊಡಬೇಕು. ಕಾದಾಟದ ನಡುವೆ ವಾದ ಎದ್ದರೆ ಆ ಹೊತ್ತಿಗೆ ಆಟ ನಡೆಸುವ ಗೇಮ್ ಮಾಸ್ಟರ್ ಹೇಳಿದ್ದೇ ನಿಯಮ. ತಿದ್ದುಪಡಿ ಏನಿದ್ದರೂ ಆಟ ಮುಗಿದ ಮೇಲೆ.