ಹಾಸನದ ನಿರುದ್ಯೋಗ ದರವನ್ನು ಯಾವ ಜಿಲ್ಲೆಯ ಪಕ್ಕ ಇಟ್ಟು ನೋಡಬೇಕು?

ಹಾಸನವನ್ನು ಬೆಂಗಳೂರಿಗೆ ಹೋಲಿಸುವುದನ್ನು ನಾನು ಬಿಟ್ಟಿದ್ದೇನೆ. ಕೆಲಸ ಹುಡುಕಿಕೊಂಡು ಹೋಗಿ ಪಿಜಿಯಲ್ಲಿ ನೆಲೆಸಿದ ಇಲ್ಲಿನ ಹುಡುಗರು ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತಾರೆ. ನನಗೆ ಸರಿಯಾದ ಜೋಡಿ ಚಿಕ್ಕಮಗಳೂರು. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17,76,421, ಚಿಕ್ಕಮಗಳೂರಿನದು 11,37,961. ಗಾತ್ರ ಬೇರೆಯಾದರೂ ಎರಡರಲ್ಲೂ ಮಲೆನಾಡು, ಬಯಲು ಎರಡೂ ಇವೆ: ಸಕಲೇಶಪುರಕ್ಕೆ ಮೂಡಿಗೆರೆ, ಅರಸೀಕೆರೆಗೆ ಕಡೂರು. ಕೊಡಗಿನಲ್ಲಿ ಇಂಥ ಬಯಲಿಲ್ಲ, ಅದಕ್ಕೇ ಕೈಬಿಟ್ಟೆ.

ಅಂಕಿಅಂಶಕ್ಕೆ ಕೇಂದ್ರದ ಪಿಎಲ್‌ಎಫ್‌ಎಸ್ (ಉದ್ಯೋಗ, ನಿರುದ್ಯೋಗ ಅಳೆಯುವ ನಿಯತಕಾಲಿಕ ಕಾರ್ಮಿಕ ಬಲ) ಸಮೀಕ್ಷೆಯ ಬಿಡಿ ದತ್ತಾಂಶ, ಅಂದರೆ ಒಬ್ಬೊಬ್ಬರ ಉತ್ತರಗಳ ಕಡತ ಬಳಸುತ್ತೇನೆ, ಅದರಲ್ಲೂ ಮೊದಲ ಭೇಟಿಯ ಕಡತ ಮಾತ್ರ; ಮರುಭೇಟಿಯದನ್ನೂ ಸೇರಿಸಿದರೆ ಅದೇ ಮನೆಯವರು ಮತ್ತೆ ಲೆಕ್ಕಕ್ಕೆ ಬರುತ್ತಾರೆ. 2025ಕ್ಕೆ ಮುಂಚಿನ ಕಡತಗಳಲ್ಲಿ ಎನ್‌ಎಸ್‌ಎಸ್, ಎನ್‌ಎಸ್‌ಸಿ ಎಂಬ ಎರಡು ಅಂಕಣಗಳ ಅಂಕಿ ಸಮವಿದ್ದರೆ ಗುಣಕವನ್ನು (ಸ್ಯಾಂಪಲ್‌ನ ಒಂದು ಮನೆ ಎಷ್ಟು ಮನೆಗಳ ಪ್ರತಿನಿಧಿ ಎಂಬ ತೂಕವನ್ನು) 100ರಿಂದ, ಇಲ್ಲದಿದ್ದರೆ 200ರಿಂದ ಭಾಗಿಸಬೇಕು. ಇದನ್ನು ಮರೆತರೆ ದರವೇ ತಪ್ಪುತ್ತದೆ. 2025ರ ಜನವರಿಯಿಂದ ಸ್ಯಾಂಪಲ್ ತೆಗೆಯುವ ಕ್ರಮ ಬದಲಾಗಿದೆ, ಹಾಗಾಗಿ ಹಳೆಯ ಸಾಲಿಗೆ ಹೊಸದನ್ನು ಜೋಡಿಸಬೇಡಿ.

ಅಳತೆಯೂ ಒಂದೇ ಇರಬೇಕು. ವಾರದ ಲೆಕ್ಕದಲ್ಲಿ ಕಳೆದ 7 ದಿನಗಳಲ್ಲಿ 1 ಗಂಟೆ ದುಡಿದರೂ ಉದ್ಯೋಗಿಯೇ. ವರ್ಷದ ಲೆಕ್ಕ ನೋಡುವುದು 365 ದಿನ. ಕಾಫಿ ಸೀಮೆಯಲ್ಲಿ ಈ ಅಂತರ ದೊಡ್ಡದು. ಅರೇಬಿಕಾ ಕೊಯ್ಲಿನ ಡಿಸೆಂಬರ್‌ನಲ್ಲಿ ಕೈಗೆ ಕೆಲಸವಿದ್ದವರು ಮಳೆಗಾಲದಲ್ಲಿ ಖಾಲಿ ಕೂತಿರಬಹುದು. ಒಂದು ಜಿಲ್ಲೆಯ ಡಿಸೆಂಬರ್, ಇನ್ನೊಂದರ ಜುಲೈ ತೆಗೆದುಕೊಂಡರೆ ಅಳೆದದ್ದು ಋತುವನ್ನು, ನಿರುದ್ಯೋಗವನ್ನಲ್ಲ.

ಹೆಚ್ಚು ಎಡವುವುದು ಸ್ಯಾಂಪಲ್‌ನಲ್ಲಿ. ಜಿಲ್ಲೆಯಿಂದ ಕಾರ್ಮಿಕ ಬಲದ (ದುಡಿಯುವವರು ಮತ್ತು ಕೆಲಸ ಬೇಕೆನ್ನುವ ನಿರುದ್ಯೋಗಿಗಳು ಸೇರಿ) 400 ಜನ ಸಿಕ್ಕಿ, ದರ ಶೇ 5 ಬಂತೆನ್ನಿ. ಸರಳ ಸ್ಯಾಂಪಲ್ ಆಗಿದ್ದರೂ ಅತ್ತಿತ್ತ ಶೇ 2.1 ಅಂಶ ವಾಲಬಹುದು. ಇಲ್ಲಿ ಒಂದೇ ಊರಿನ ಹಲವು ಮನೆಗಳನ್ನು ಆರಿಸುವುದರಿಂದ ವ್ಯತ್ಯಯ (ವಾಲುವಿಕೆಯ ವರ್ಗಕ್ಕೆ ಅನುಗುಣವಾದ ಅಳತೆ) ಇಮ್ಮಡಿಸಿದರೆ ವಾಲುವಿಕೆ 3 ಅಂಶ. ಅಂದರೆ 2ರಿಂದ 8ರವರೆಗೆ ಎಲ್ಲಾದರೂ ಇರಬಹುದು. ಹಾಸನ 5, ಚಿಕ್ಕಮಗಳೂರು 4 ಎಂದು ತಲೆಬರಹ ಬರೆಯಲು ಇಷ್ಟು ಸಾಲದು. ನಾನು ಒಂದೇ ವಿನ್ಯಾಸದ 3 ವರ್ಷಗಳನ್ನು ಕೂಡಿಸಿಯೇ ಹೋಲಿಸುತ್ತೇನೆ.

ದರ ಇಳಿದರೆ ಕೆಲಸ ಸಿಕ್ಕಿತೆಂದೂ ಅಲ್ಲ. 600 ಜನರ ಕಾರ್ಮಿಕ ಬಲದಲ್ಲಿ 36 ನಿರುದ್ಯೋಗಿಗಳಿದ್ದರೆ ಶೇ 6. ಅವರಲ್ಲಿ 12 ಮಂದಿ ಬೇಸತ್ತು ಕೆಲಸದ ಆಸೆಯನ್ನೇ ಬಿಟ್ಟರೆ 588ಕ್ಕೆ 24, ಶೇ 4.1. ಒಬ್ಬರಿಗೂ ಕೆಲಸ ಸಿಕ್ಕಿಲ್ಲ! ಹೆಂಗಸರ ವಿಷಯದಲ್ಲಂತೂ ಸಮೀಕ್ಷೆಯು ಮನೆಗೆಲಸದವರಿಗೆ ಕೊಡುವ 92, 93 ಸಂಕೇತಗಳಿಗೆ ಎಷ್ಟು ಜನ ಸರಿದಿದ್ದಾರೆ ಎಂದು ನೋಡದೆ ನಾನು ದರವನ್ನು ಯಾರಿಗೂ ಕೊಡುವುದಿಲ್ಲ.